ಗುಣಮಟ್ಟದ ವೆಚ್ಚ ಯಾವ ಖಾತೆಗೆ? ಸ್ವತಂತ್ರ ಮೊಬೈಲ್ ಆಟಗಳ ಒಂದು ಲೆಕ್ಕ

ಕಳೆದ ಮಾರ್ಚ್ ತಿಂಗಳ ಲೆಕ್ಕ ಮುಕ್ತಾಯದ ಗಡಿಬಿಡಿಯ ನಡುವೆ, ಪಂಪ್‌ಸೆಟ್ಟಿನ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕವೊಂದರ ಮಾಲೀಕರು ತಮ್ಮ ಮಗನನ್ನು ಕರೆದುಕೊಂಡು ನನ್ನ ಕಚೇರಿಗೆ ಬಂದರು. ಇಪ್ಪತ್ತು ವರ್ಷಗಳಿಂದ ಅವರ ಲೆಕ್ಕಪತ್ರಗಳನ್ನು ನಾನೇ ನೋಡುತ್ತಿದ್ದೇನೆ. ಮಗ ಇಂಜಿನಿಯರಿಂಗ್ ಮುಗಿಸಿ, ಇಬ್ಬರು ಸ್ನೇಹಿತರೊಡನೆ ಮೊಬೈಲ್ ಫೋನಿನಲ್ಲಿ ಆಡುವ ಆಟವೊಂದನ್ನು ಸಿದ್ಧಪಡಿಸುತ್ತಿದ್ದಾನೆ. ಅದು ಪೂರ್ಣಗೊಳ್ಳಲು ಇನ್ನೂ ಹದಿನೆಂಟು ತಿಂಗಳು ಬೇಕು, ಹನ್ನೆರಡು ಲಕ್ಷ ರೂಪಾಯಿ ಬೇಕು ಎಂಬುದು ಅವನ ಬೇಡಿಕೆ. ತಂದೆಯವರ ಪ್ರಶ್ನೆಗಳು ಎರಡೇ. ಮೊದಲನೆಯದು: "ಆಡಿಟರೇ, ಇದು ರಮ್ಮಿಯ ಹಾಗೆ ಜೂಜಿನ ವ್ಯವಹಾರವಲ್ಲ ತಾನೆ?" ಎರಡನೆಯದು: "ಪುಕ್ಕಟೆಯಾಗಿ ಸಾವಿರಗಟ್ಟಲೆ ಸಿಗುವ ಸರಕನ್ನು ಇವನು ಹದಿನೆಂಟು ತಿಂಗಳು ಕೂತು ಏಕೆ ಮಾಡಬೇಕು?"

ಮೊದಲನೆಯದಕ್ಕೆ ಉತ್ತರ ಸುಲಭವಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಅಧಿನಿಯಮವು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿದ್ದು, ಪಣವಿಲ್ಲದ ಸಾಮಾನ್ಯ ಆಟಗಳನ್ನು ಹಾಗೂ ಇ-ಕ್ರೀಡೆಗಳನ್ನು ಪ್ರತ್ಯೇಕವಾಗಿಯೇ ಇರಿಸಿದೆ. ಹುಡುಗನ ಆಟದಲ್ಲಿ ಪಣವೂ ಇಲ್ಲ, ಗೆದ್ದವರಿಗೆ ಹಣವೂ ಇಲ್ಲ. ಆದರೆ ಎರಡನೆಯ ಪ್ರಶ್ನೆಗೆ ಅಂದು ಉತ್ತರ ಕೊಡಲಾಗಲಿಲ್ಲ. ಮೂರು ವಾರ ಸಮಯ ಕೇಳಿದೆ. ಈ ಉದ್ಯಮದ ಬಗ್ಗೆ ಆಗ ಓದಿ ತಿಳಿದುದನ್ನು ಇಲ್ಲಿ ಹಂಚಿಕೊಳ್ಳಲು ಕಾರಣವಿದೆ. ಹೆಂಚು, ಹಿತ್ತಾಳೆ ನಲ್ಲಿ, ಉಪ್ಪಿನಕಾಯಿ, ಸ್ವಿಚ್ಚು, ಹೀಗೆ ಏನನ್ನೇ ತಯಾರಿಸುವವರಿಗೂ ಪಕ್ಕದಲ್ಲಿ ಅದೇ ರೂಪದ ಅಗ್ಗದ ಸರಕು ಬಂದು ನಿಂತಾಗ ಏಳುವ ಪ್ರಶ್ನೆ ಇದೇ. ಮೊಬೈಲ್ ಆಟದ ವ್ಯಾಪಾರದಲ್ಲಿ ಕಚ್ಚಾವಸ್ತು ಇಲ್ಲ, ಸಾಗಾಣಿಕೆ ಇಲ್ಲ, ದಾಸ್ತಾನು ಇಲ್ಲ. ಇರುವುದು ದುಡಿಮೆ ಮತ್ತು ಗುಣಮಟ್ಟ ಮಾತ್ರ. ಆದುದರಿಂದ ಅಲ್ಲಿ ಲೆಕ್ಕ ನಿಚ್ಚಳವಾಗಿ ಕಾಣಿಸುತ್ತದೆ.

ಅಂಗಡಿ ಮತ್ತು ಅದರ ದಲ್ಲಾಳಿ

ಸ್ವತಂತ್ರ ತಯಾರಕ ಎಂದರೆ ದೊಡ್ಡ ಪ್ರಕಾಶನ ಸಂಸ್ಥೆಯ ಹಣವಿಲ್ಲದೆ, ಒಬ್ಬರೋ ಇಬ್ಬರೋ ಹೆಚ್ಚೆಂದರೆ ಎಂಟು ಹತ್ತು ಜನರೋ ಸೇರಿ, ಸ್ವಂತ ಉಳಿತಾಯದಲ್ಲಿ ಆಟ ರಚಿಸುವವರು. ಇಂಥವರಿಗೆ ಬಾಗಿಲು ತೆರೆದದ್ದು 2008ರ ಜುಲೈ 10ರಂದು. ಅಂದು ಆಪಲ್ ಸಂಸ್ಥೆ 500 ತಂತ್ರಾಂಶಗಳೊಂದಿಗೆ ತನ್ನ ಆಪ್ ಸ್ಟೋರ್ ಆರಂಭಿಸಿತು. ಗೂಗಲ್‌ನ ಅಂಗಡಿಯೂ ಅದೇ ವರ್ಷ ತೆರೆಯಿತು. ಮಾರಾಟ ಬೆಲೆಯ ಶೇ. 30 ಅಂಗಡಿಯವರಿಗೆ, ಶೇ. 70 ತಯಾರಕರಿಗೆ. ಶೇ. 30 ದಲ್ಲಾಳಿ ಎಂದರೆ ನಮ್ಮ ಮಂಡಿ ವರ್ತಕರು ಹುಬ್ಬೇರಿಸಬಹುದು. ಆದರೆ ಜಗತ್ತಿನ ಮೂಲೆಮೂಲೆಯ ಗಿರಾಕಿಯಿಂದ ಹಣ ವಸೂಲು ಮಾಡಿ ತಂದುಕೊಡುವ ಅಂಗಡಿ ಅದಕ್ಕೆ ಮುಂಚೆ ಸಣ್ಣ ತಯಾರಕನಿಗೆ ಇರಲೇ ಇಲ್ಲ.

2009ರ ಅಕ್ಟೋಬರ್‌ನಲ್ಲಿ ಆಪಲ್ ಇನ್ನೊಂದು ಅವಕಾಶ ಕೊಟ್ಟಿತು: ಉಚಿತವಾಗಿ ಕೊಟ್ಟ ತಂತ್ರಾಂಶದ ಒಳಗೂ ಬಿಡಿ ವಸ್ತುಗಳನ್ನು ಮಾರಬಹುದು. ಚಿಕ್ಕದಾಗಿ ಕಂಡ ಈ ನಿಯಮದಿಂದ, ಪ್ರವೇಶ ದ್ವಾರದಲ್ಲಿ ಟಿಕೆಟ್ ಪಡೆಯುವ ಜಾತ್ರೆಯು ಪ್ರವೇಶ ಉಚಿತವಾಗಿ ಒಳಗೆ ಪ್ರತಿ ತೊಟ್ಟಿಲಿಗೂ ಕಾಸು ಕೇಳುವ ಜಾತ್ರೆಯಾಯಿತು. ಗುಣಮಟ್ಟದ ಪ್ರಶ್ನೆ ಏಳುವುದು ಅಲ್ಲಿಂದಲೇ.

ಹದಿನಾಲ್ಕು ತಿಂಗಳು, ಇಪ್ಪತ್ತೊಂದು ದಿನ

2014ರ ಫೆಬ್ರವರಿ 6ರಂದು 'ಥ್ರೀಸ್' ಎಂಬ ಆಟವು 1.99 ಡಾಲರ್ ಬೆಲೆಗೆ ಬಿಡುಗಡೆಯಾಯಿತು. ರಚಿಸಿದವರು ಅಮೆರಿಕದ ಏಷರ್ ವೋಲ್ಮರ್ ಮತ್ತು ಗ್ರೆಗ್ ವೋಲ್ವೆಂಡ್. ಸಂಗೀತ ಜಿಮ್ಮಿ ಹಿನ್ಸನ್ ಅವರದು. ಆಟದ ನಿಯಮವನ್ನು ಅಂಗಡಿಯ ಗಲ್ಲಾದಲ್ಲಿ ಕುಳಿತವರಿಗೂ ಒಂದೇ ನಿಮಿಷದಲ್ಲಿ ಹೇಳಿಕೊಡಬಹುದು. ನಾಲ್ಕು ಅಡ್ಡ ಸಾಲು, ನಾಲ್ಕು ನೀಟ ಸಾಲಿನ ಮನೆಗಳು. ಅವುಗಳಲ್ಲಿ ಅಂಕಿ ಬರೆದ ಬಿಲ್ಲೆಗಳು. ಬೆರಳಿನಿಂದ ಒಂದು ದಿಕ್ಕಿಗೆ ಸರಿಸಿದರೆ ಎಲ್ಲ ಬಿಲ್ಲೆಗಳೂ ಜಾಗವಿದ್ದಲ್ಲಿ ಒಂದೊಂದು ಮನೆ ಸರಿಯುತ್ತವೆ. 1 ಮತ್ತು 2 ಸೇರಿದರೆ 3. ಅಲ್ಲಿಂದ ಮುಂದೆ ಸಮಾನ ಅಂಕಿಗಳು ಮಾತ್ರ ಸೇರುತ್ತವೆ: 3ಕ್ಕೆ 3 ಸೇರಿ 6, 6ಕ್ಕೆ 6 ಸೇರಿ 12, ಹಾಗೆಯೇ 24, 48, 96. ಪ್ರತಿ ಬಾರಿ ಸರಿಸಿದಾಗಲೂ ಅಂಚಿನಿಂದ ಹೊಸ ಬಿಲ್ಲೆಯೊಂದು ಒಳಬರುತ್ತದೆ. ಸರಿಸಲು ಜಾಗವಿಲ್ಲದಾದಾಗ ಆಟ ಮುಗಿಯಿತು.

ಇಷ್ಟು ಸರಳವಾದುದಕ್ಕೆ ಹಿಡಿದ ಕಾಲ ಹದಿನಾಲ್ಕು ತಿಂಗಳು. ಆ ತಿಂಗಳುಗಳಲ್ಲಿ ಏನು ನಡೆಯಿತೆಂಬುದು ನಮಗೆ ತಿಳಿದಿರುವುದು, ರಚನಕಾರರಿಬ್ಬರೂ ತಮ್ಮ ನಡುವೆ ಓಡಾಡಿದ ನೂರಾರು ಇ-ಮೇಲ್ ಪತ್ರಗಳನ್ನು 2014ರ ಮಾರ್ಚ್‌ನಲ್ಲಿ ಬಹಿರಂಗಪಡಿಸಿದ ಕಾರಣದಿಂದ. ಮೂಲ ನಿಯಮ ಬಹುಬೇಗನೆ ಹೊಳೆದಿತ್ತು. ಆದರೆ ಬರಿಯ ಅಂಕಿಗಳು ಜನರಿಗೆ ಒಗ್ಗಲಾರವೆಂಬ ಭಯದಿಂದ ಅವರು ಅದಕ್ಕೆ ಒಂದಾದ ಮೇಲೊಂದು ವೇಷ ತೊಡಿಸಿದರು. ಒಮ್ಮೆ ಸುಶಿ ಎಂಬ ಜಪಾನೀ ತಿನಿಸು, ಒಮ್ಮೆ ಸೈನ್ಯದ ಪದವಿಗಳು, ಒಮ್ಮೆ ಪ್ರಾಣಿಗಳು. ಪ್ರತಿಯೊಂದನ್ನೂ ಚಿತ್ರಿಸಿ, ಆಡಿ ನೋಡಿ, ಬಿಸಾಡಿದರು. ಬಹಳ ಸುತ್ತಾಡಿದ ಮೇಲೆ ಮೊದಲಿನ ಅಂಕಿಗಳಿಗೇ ಹಿಂದಿರುಗಿ, ಪ್ರತಿ ಬಿಲ್ಲೆಗೂ ಒಂದು ಪುಟ್ಟ ಮುಖ, ಒಂದು ಧ್ವನಿ ಕೊಟ್ಟರು.

ಮುದ್ರಣಾಲಯ ನಡೆಸುವವರಿಗೂ ಅಚ್ಚು ಕೊರೆಯುವವರಿಗೂ ಇದು ಹೊಸ ವಿಷಯವಲ್ಲ. ಗಿರಾಕಿಯ ಕೈಗೆ ಹೋಗುವ ಒಂದು ಒಳ್ಳೆಯ ತುಂಡಿನ ಹಿಂದೆ ಗುಜರಿಗೆ ಹೋದ ಹತ್ತು ತುಂಡುಗಳಿರುತ್ತವೆ. ಆದರೆ ನಮ್ಮಲ್ಲಿ ಗುಜರಿಯಾದರೂ ತೂಕಕ್ಕೆ ಮಾರಾಟವಾಗುತ್ತದೆ!

ಆ ದುಡಿಮೆ ಎಲ್ಲಿ ಕಾಣುತ್ತದೆ ಎಂದು ತಿಳಿಯಲು ನಾನೂ ಆ ಆಟವನ್ನು ಕೆಲವು ದಿನ ಆಡಿದೆ. ಬೆರಳನ್ನು ಎತ್ತದೆ ಅರ್ಧ ಮಾತ್ರ ಎಳೆದರೆ ಬಿಲ್ಲೆಗಳೂ ಅರ್ಧದಷ್ಟೇ ಸರಿದು ನಿಲ್ಲುತ್ತವೆ. ಯಾವುದರ ಮೇಲೆ ಯಾವುದು ಕೂರುತ್ತದೆ ಎಂದು ನೋಡಿ, ಬೇಡವೆನಿಸಿದರೆ ಬೆರಳನ್ನು ಹಿಂದಕ್ಕೆ ತರಬಹುದು. ಮುಂದೆ ಬರಲಿರುವ ಬಿಲ್ಲೆಯ ಸುಳಿವು ಮೇಲುಗಡೆ ಕಾಣುತ್ತದೆ. ಸೋತಾಗ ತಪ್ಪು ನಮ್ಮದೇ ಎಂದು ತಿಳಿಯುತ್ತದೆ. ಅದೃಷ್ಟವನ್ನು ಬೈಯಲು ಬಹಳ ಅವಕಾಶವಿಲ್ಲ. ಗಿರಾಕಿ ಇವುಗಳಲ್ಲಿ ಒಂದನ್ನೂ ಬಿಡಿಸಿ ಹೇಳಲಾರ. "ಆಟ ಚೆನ್ನಾಗಿದೆ" ಎಂದಷ್ಟೇ ಹೇಳಿಯಾನು.

ಬಿಡುಗಡೆಯಾದ ಇಪ್ಪತ್ತೊಂದನೆಯ ದಿನಕ್ಕೆ '1024' ಎಂಬ ಹೆಸರಿನ ಹೋಲಿಕೆಯ ಆಟವೊಂದು ಅದೇ ಅಂಗಡಿಗೆ ಉಚಿತವಾಗಿ ಬಂದಿತು. ಅದನ್ನು ಅನುಸರಿಸಿ, ಗೇಬ್ರಿಯೆಲೆ ಚಿರುಲ್ಲಿ ಎಂಬ ಹತ್ತೊಂಬತ್ತು ವರ್ಷದ ಇಟಲಿಯ ಯುವಕ ಮಾರ್ಚ್ ತಿಂಗಳ ಒಂದು ವಾರಾಂತ್ಯದಲ್ಲಿ '2048' ರಚಿಸಿ, ಮೂಲ ಸಂಕೇತ ಸಹಿತ ಎಲ್ಲರಿಗೂ ಉಚಿತವಾಗಿ ಬಿಟ್ಟುಬಿಟ್ಟ. ಆತನಿಗೆ ದುರುದ್ದೇಶವಿರಲಿಲ್ಲ. ರಚಿಸುವಾಗ 'ಥ್ರೀಸ್' ಬಗ್ಗೆ ತನಗೆ ತಿಳಿದಿರಲಿಲ್ಲವೆಂದು ಹೇಳಿ, ಅನಂತರ ಅದರ ಋಣವನ್ನೂ ತನ್ನ ಪುಟದಲ್ಲಿ ನಮೂದಿಸಿದ. ಆದರೆ ಸಂಕೇತ ಕೈಗೆ ಸಿಕ್ಕಿದ ಮೇಲೆ ಬೇರೆಯವರು ಸುಮ್ಮನಿರುವರೇ? ಕೆಲವೇ ವಾರಗಳಲ್ಲಿ ಅಂಗಡಿಗಳ ತುಂಬ ಜಾಹೀರಾತು ಸಹಿತವಾದ '2048'ಗಳು ತುಂಬಿದವು. ನಮ್ಮಲ್ಲಿ ಅಂದು ಕಾಲೇಜು ಹುಡುಗರಿಂದ ಬ್ಯಾಂಕ್ ಮ್ಯಾನೇಜರರವರೆಗೆ ಆಡುತ್ತಿದ್ದುದು 2048ನ್ನೇ. 'ಥ್ರೀಸ್' ಹೆಸರು ಕೇಳಿದವರು ಕಡಿಮೆ. ಮೂಲ ಆಟವನ್ನೇ ಜನ 2048ರ ನಕಲೆಂದು ಕರೆಯತೊಡಗಿದರೆಂದು ಅದರ ರಚನಕಾರರು ನೋವಿನಿಂದ ಬರೆದುಕೊಂಡಿದ್ದಾರೆ.

ಎರಡರ ನಡುವಿನ ಅಂತರವೇನು? 2048ರಲ್ಲಿ ಬಿಲ್ಲೆಗಳು ಒಂದೊಂದು ಮನೆಯಲ್ಲ, ತಡೆ ಸಿಗುವವರೆಗೂ ಜಾರುತ್ತವೆ. ದೊಡ್ಡ ಅಂಕಿಯನ್ನು ಒಂದು ಮೂಲೆಯಲ್ಲಿಟ್ಟು ಎರಡು ದಿಕ್ಕುಗಳಿಗೆ ಸರಿಸುತ್ತ ಹೋದರೆ, ಹೆಚ್ಚು ಯೋಚಿಸದೆಯೂ ಬಹು ದೂರ ಸಾಗಬಹುದು. ತಮ್ಮ ಆಟವನ್ನು ತಿಂಗಳುಗಟ್ಟಲೆ, ಸಾಧ್ಯವಾದರೆ ವರ್ಷಗಟ್ಟಲೆ ಆಡಬೇಕೆಂಬುದು ವೋಲ್ಮರ್ ಮತ್ತು ವೋಲ್ವೆಂಡರ ಉದ್ದೇಶವಾಗಿತ್ತು. 2048ನ್ನು ಅವರಿಬ್ಬರೂ ಮೊದಲ ಯತ್ನದಲ್ಲೇ ಗೆದ್ದರಂತೆ. ಆದರೂ ನಾನು 2048ನ್ನು ಕಳಪೆ ಎನ್ನಲಾರೆ. ಬಸ್ಸಿಗಾಗಿ ಕಾಯುವ ಹತ್ತು ನಿಮಿಷಕ್ಕೆ ಅದು ಸಾಕು. ಉಚಿತವಾಗಿ ಸಿಗುವ "ಸಾಕು" ಎಂಬ ಸರಕು, ಬೆಲೆ ಕೊಟ್ಟು ಕೊಳ್ಳುವ "ಚೆನ್ನು" ಎಂಬ ಸರಕನ್ನು ಬಹುತೇಕ ಗಿರಾಕಿಗಳ ಕೈಯಿಂದ ತಪ್ಪಿಸುತ್ತದೆ, ಅಷ್ಟೆ.

ಕಾಯಿದೆ ಎಷ್ಟರಮಟ್ಟಿಗೆ ಕಾಯುತ್ತದೆ?

"ಹಾಗಾದರೆ ಕೇಸು ಹಾಕಬಹುದಲ್ಲ" ಎಂದು ಘಟಕದ ಮಾಲೀಕರು ಕೇಳಿದರು. ಅಷ್ಟು ಸುಲಭವಲ್ಲ. ನಮ್ಮ 1970ರ ಪೇಟೆಂಟ್ ಕಾಯಿದೆಯ 3ನೇ ಪ್ರಕರಣದ 'ಎಮ್' ಉಪಖಂಡವು ಆಟವಾಡುವ ವಿಧಾನವು ಆವಿಷ್ಕಾರವೇ ಅಲ್ಲವೆಂದು ನೇರವಾಗಿ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯು ಬರೆದ ಸಂಕೇತವನ್ನೂ ಚಿತ್ರವನ್ನೂ ಸಂಗೀತವನ್ನೂ ರಕ್ಷಿಸುತ್ತದೆಯೇ ಹೊರತು ಅದರ ಹಿಂದಿನ ಕಲ್ಪನೆಯನ್ನಲ್ಲ. ಈ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು ಆರ್.ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲೇ ಸ್ಪಷ್ಟಪಡಿಸಿದೆ. ಅಮೆರಿಕದಲ್ಲೂ ಸ್ಥಿತಿ ಹೆಚ್ಚು ಭಿನ್ನವಲ್ಲ. 2012ರಲ್ಲಿ 'ಟೆಟ್ರಿಸ್' ಆಟದ ಒಡೆಯರು ಐಫೋನಿನ ನಕಲೊಂದರ ವಿರುದ್ಧ ನ್ಯೂಜೆರ್ಸಿಯ ನ್ಯಾಯಾಲಯದಲ್ಲಿ ಗೆದ್ದದ್ದು ನಿಜ. ಆದರೆ ಗೆದ್ದದ್ದು ನೋಟವನ್ನು ಯಥಾವತ್ತಾಗಿ ನಕಲು ಮಾಡಿದ ಕಾರಣಕ್ಕೆ, ನಿಯಮವನ್ನು ಬಳಸಿದ ಕಾರಣಕ್ಕಲ್ಲ.

ಇದು ಅನ್ಯಾಯವೆಂದು ಒಮ್ಮೆಲೇ ಹೇಳಲೂ ಮನಸ್ಸು ಬರುವುದಿಲ್ಲ. ಚೌಕಾಬಾರದ ನಿಯಮಕ್ಕೋ ಅಳಗುಳಿಮಣೆಯ ನಿಯಮಕ್ಕೋ ಯಾರಾದರೂ ಒಡೆತನ ಪಡೆದಿದ್ದರೆ ನಮ್ಮ ಜಗಲಿಗಳಲ್ಲಿ ಆಟವೇ ಉಳಿಯುತ್ತಿರಲಿಲ್ಲ. ಆದರೆ ಸಣ್ಣ ತಯಾರಕ ತಿಳಿದಿರಬೇಕಾದ ಸಂಗತಿಯೆಂದರೆ, ಆತನ ಹದಿನಾಲ್ಕು ತಿಂಗಳಲ್ಲಿ ಕಾಯಿದೆ ಕಾಯುವುದು ಕೊನೆಯ ಒಂದೆರಡು ತಿಂಗಳ ಹೊರಮೈಯನ್ನು ಮಾತ್ರ.

ನಕಲು ಮೊದಲೇ ಬಂದುಬಿಟ್ಟರೂ ಗುಣಮಟ್ಟ ಗೆದ್ದ ಉದಾಹರಣೆ ಇಲ್ಲದಿಲ್ಲ. ವ್ಲಾಂಬೀರ್ ಎಂಬ ನೆದರ್ಲೆಂಡ್ಸ್‌ನ ಇಬ್ಬರ ಸಂಸ್ಥೆಯು ಮೀನು ಹಿಡಿಯುವ ತನ್ನ ಹಳೆಯ ಆಟವೊಂದನ್ನು ಮೊಬೈಲಿಗೆ ಒಗ್ಗಿಸುತ್ತಿದ್ದಾಗಲೇ, 2011ರಲ್ಲಿ ಬೇರೊಬ್ಬರು ಅದೇ ಮಾದರಿಯ 'ನಿಂಜಾ ಫಿಶಿಂಗ್' ಹೊರತಂದರು. ಇವರು ಎದೆಗುಂದಿದರೂ ಕೆಲಸ ಬಿಡದೆ, 2013ರ ಮಾರ್ಚ್‌ನಲ್ಲಿ 'ರಿಡಿಕ್ಯುಲಸ್ ಫಿಶಿಂಗ್' ಹೊರತಂದಾಗ ಆಪಲ್ ಅದನ್ನು ಆ ವರ್ಷದ ಐಫೋನ್ ಆಟವೆಂದು ಆರಿಸಿತು. ಮರುವರ್ಷ ಅದೇ ಮನ್ನಣೆ 'ಥ್ರೀಸ್'ಗೆ ಸಂದಿತು.

ಲೆಕ್ಕಪುಸ್ತಕದಲ್ಲಿ ಕಾಣದ ಆಸ್ತಿ

ಈಗ ನನ್ನ ಕಸುಬಿಗೆ ಬರುತ್ತೇನೆ. ಅಮೂರ್ತ ಆಸ್ತಿಗಳ ಕುರಿತಾದ 'ಎಎಸ್ 26' ಮಾನಕದ ಪ್ರಕಾರ, ಸ್ವಂತವಾಗಿ ತಂತ್ರಾಂಶ ನಿರ್ಮಿಸುವಾಗ ಕೆಲಸವನ್ನು ಎರಡು ಹಂತಗಳಾಗಿ ವಿಂಗಡಿಸಬೇಕು. ಸಂಶೋಧನೆಯ ಹಂತದ ವೆಚ್ಚವನ್ನು ಅದು ಆದ ವರ್ಷವೇ ಲಾಭ-ನಷ್ಟ ಖಾತೆಗೆ ಹಾಕತಕ್ಕದ್ದು. ಅಭಿವೃದ್ಧಿ ಹಂತದ ವೆಚ್ಚವನ್ನು ಮಾತ್ರ, ಅದೂ ತಾಂತ್ರಿಕವಾಗಿ ಪೂರೈಸಬಲ್ಲೆವು, ಮಾರಬಲ್ಲೆವು, ಅದರಿಂದ ಆದಾಯ ಬಂದೀತು, ವೆಚ್ಚವನ್ನು ಸರಿಯಾಗಿ ಅಳೆಯಬಲ್ಲೆವು ಎಂಬಿವೇ ಮೊದಲಾದ ಷರತ್ತುಗಳು ಈಡೇರಿದರೆ, ಆಸ್ತಿಯೆಂದು ಬರೆಯಬಹುದು.

ಎಚ್ಚರದ ದೃಷ್ಟಿಯಿಂದ ನಿಯಮ ಸರಿಯಾಗಿಯೇ ಇದೆ. ಆದರೆ 'ಥ್ರೀಸ್' ಆಟಕ್ಕೆ ಇದನ್ನು ಅನ್ವಯಿಸಿ ನೋಡಿ. ಸುಶಿಯ ವೇಷ, ಸೈನಿಕರ ವೇಷ, ಬಿಸಾಡಿದ ಚಿತ್ರಗಳು, ಎಲ್ಲವೂ ಸಂಶೋಧನೆ, ಎಲ್ಲವೂ ಖರ್ಚು. ಆಸ್ತಿಪಟ್ಟಿಯಲ್ಲಿ ಉಳಿಯುವುದು ಕೊನೆಯ ಅಂಕಿಗಳ ಆಟವನ್ನು ಬರೆದು ಮುಗಿಸಿದ ಅಲ್ಪ ವೆಚ್ಚ ಮಾತ್ರ. ನಕಲು ಮಾಡುವವನಿಗೂ ತಗಲುವ ವೆಚ್ಚ ಹೆಚ್ಚುಕಡಿಮೆ ಅಷ್ಟೇ! ಇಬ್ಬರ ಆಸ್ತಿಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದೇ ಸರಕೆಂದು ತೋರುತ್ತದೆ. ವ್ಯತ್ಯಾಸವಿರುವುದು ಮೂಲ ತಯಾರಕನ ಹಳೆಯ ವರ್ಷಗಳ ನಷ್ಟದಲ್ಲಿ. ಗುಣಮಟ್ಟವೆಂಬುದು ಬಹುಪಾಲು ಆ ನಷ್ಟದ ಅಂಕಣದಲ್ಲಿದೆ. ಸಾಲ ಕೊಡುವ ಬ್ಯಾಂಕಿನವರು ಆ ಅಂಕಣವನ್ನು ನೋಡಿದಾಗ ಏನೆಂದುಕೊಳ್ಳುತ್ತಾರೆಂಬುದು ನಮ್ಮ ಸದಸ್ಯರಿಗೆ ತಿಳಿಯದ್ದಲ್ಲ.

ಲೆಕ್ಕವನ್ನು ತೆರೆದಿಟ್ಟ ಒಂದು ಸಂಸ್ಥೆ

ಇಂತಹ ಆಟಗಳ ವೆಚ್ಚ ಮತ್ತು ಹುಟ್ಟುವಳಿಯ ಅಂಕಿಗಳು ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಲಂಡನ್ನಿನ 'ಅಸ್‌ಟೂ' ಸಂಸ್ಥೆ ತನ್ನ 'ಮಾನ್ಯುಮೆಂಟ್ ವ್ಯಾಲಿ' ಆಟದ ಲೆಕ್ಕವನ್ನು 2015ರ ಜನವರಿಯಲ್ಲಿ ತಾನಾಗಿ ಪ್ರಕಟಿಸಿತು. ಎಂಟು ಜನರ ತಂಡ, 55 ವಾರ, 8,52,000 ಡಾಲರ್ ವೆಚ್ಚ. ಆಗಿನ ವಿನಿಮಯ ದರದಲ್ಲಿ ಐದು ಕೋಟಿ ರೂಪಾಯಿಗೂ ಮಿಗಿಲು. ಅದರಲ್ಲಿ ಸಿದ್ಧವಾದದ್ದು ಹತ್ತು ಹಂತಗಳು. ಅಂದರೆ ಒಂದು ಹಂತಕ್ಕೆ 85,200 ಡಾಲರ್. ಇಡೀ ಆಟವನ್ನು ಒಂದೆರಡು ಗಂಟೆಗಳಲ್ಲಿ ಆಡಿ ಮುಗಿಸಬಹುದು. ಕಣ್ಣಿಗೆ ಭ್ರಮೆ ಹುಟ್ಟಿಸುವ ಗೋಪುರ, ಮೆಟ್ಟಿಲುಗಳನ್ನು ಬೆರಳಿನಿಂದ ತಿರುಗಿಸಿ ಪುಟ್ಟ ರಾಜಕುಮಾರಿಯೊಬ್ಬಳನ್ನು ದಾಟಿಸುವುದೇ ಆಟ. ಯಾವ ಕ್ಷಣದಲ್ಲಿ ಪರದೆಯನ್ನು ನಿಲ್ಲಿಸಿದರೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಾದ ಚಿತ್ರದಂತಿದೆ.

2014ರ ಏಪ್ರಿಲ್ 3ರಂದು 3.99 ಡಾಲರಿಗೆ ಬಿಡುಗಡೆಯಾದ ಈ ಆಟವು, ಲೆಕ್ಕ ಪ್ರಕಟವಾಗುವ ಹೊತ್ತಿಗೆ 24,40,076 ಪ್ರತಿ ಮಾರಾಟವಾಗಿ 58,58,625 ಡಾಲರ್ ತಂದಿತ್ತು. ಭಾಗಿಸಿ ನೋಡಿದರೆ ಪ್ರತಿಯೊಂದಕ್ಕೆ ಸುಮಾರು 2.40 ಡಾಲರ್. ಬಿಡುಗಡೆಯ ಒಂದೇ ದಿನ ಬಂದದ್ದು 1,45,530 ಡಾಲರ್. ಜಾತ್ರೆಯ ಮೊದಲ ದಿನದ ವ್ಯಾಪಾರ ಎಷ್ಟು ಮುಖ್ಯವೆಂದು ಬಲ್ಲವರಿಗೆ ಈ ಅಂಕಿ ಅರ್ಥವಾಗುತ್ತದೆ. ನಕಲು ಬರುವ ಮೊದಲು, ಹೊಸತನ ಆರುವ ಮೊದಲು, ಬೆಲೆ ಇರುವಾಗಲೇ ವಸೂಲಿಯಾಗಬೇಕು.

ಅದೇ ಸಂಸ್ಥೆಯ ಮತ್ತೆರಡು ಅಂಕಿಗಳು ಕಹಿಯಾದವು. ಆಂಡ್ರಾಯ್ಡ್ ಫೋನುಗಳಲ್ಲಿ ಸ್ಥಾಪಿತವಾದ ಪ್ರತಿಗಳಲ್ಲಿ ಹಣ ಕೊಟ್ಟವು ಶೇ. 5 ಮಾತ್ರವೆಂದೂ ಆಪಲ್ ಫೋನುಗಳಲ್ಲಿ ಶೇ. 40 ಎಂದೂ ಅವರು ತಿಳಿಸಿದರು. ಉಳಿದವೆಲ್ಲ ಕಳ್ಳಪ್ರತಿಗಳಲ್ಲ, ಒಬ್ಬರೇ ಎರಡು ಸಾಧನಗಳಲ್ಲಿ ಹಾಕಿಕೊಂಡದ್ದೂ ಅದರಲ್ಲಿ ಸೇರಿದೆ ಎಂಬ ವಿವರಣೆಯನ್ನೂ ಅವರೇ ಕೊಟ್ಟರು. ಇನ್ನೊಂದು ಪ್ರಸಂಗ ನನ್ನನ್ನು ಯೋಚನೆಗೆ ಹಚ್ಚಿತು. 2014ರ ನವೆಂಬರ್‌ನಲ್ಲಿ ಅವರು 5,49,000 ಡಾಲರ್ ವೆಚ್ಚದಲ್ಲಿ ಎಂಟು ಹೊಸ ಹಂತಗಳನ್ನು ಸಿದ್ಧಪಡಿಸಿ 1.99 ಡಾಲರ್ ಬೆಲೆಯಿಟ್ಟರು. ಮೂಲ ಆಟವನ್ನು ಕೊಂಡವರಲ್ಲಿ ಅನೇಕರು, ಹೆಚ್ಚುವರಿ ಹಣ ಕೇಳಿದರೆಂಬ ಒಂದೇ ಸಿಟ್ಟಿಗೆ, ಐದರಲ್ಲಿ ಒಂದು ನಕ್ಷತ್ರ ಕೊಟ್ಟು ದೂರಿದರು. ಗುಣಮಟ್ಟದ ಬಗ್ಗೆ ಅವರ ತಕರಾರಿರಲಿಲ್ಲ. ಉಚಿತದ ರೂಢಿ ಬಿದ್ದ ಪೇಟೆಯಲ್ಲಿ ಒಂದು ಲೋಟ ಕಾಫಿಗಿಂತ ಕಡಿಮೆ ಬೆಲೆಯೂ ದುಬಾರಿಯೇ.

ನಮ್ಮ ದೇಶದ ಮಾತು ಕೇಳುವುದೇ ಬೇಡ. ಇಲ್ಲಿನ ಪೇಟೆಗಾಗಿ ಗೂಗಲ್ ತನ್ನ ಅಂಗಡಿಯ ಕನಿಷ್ಠ ಬೆಲೆಯನ್ನು 2015ರಲ್ಲಿ 50 ರೂಪಾಯಿಯಿಂದ 10 ರೂಪಾಯಿಗೆ ಇಳಿಸಬೇಕಾಯಿತು.

ಬೆಲೆ ಸೊನ್ನೆಯಾದರೆ ಸರಕಿಗೇನಾಗುತ್ತದೆ?

ಬೆಲೆ ಇಲ್ಲದ ಆಟದಲ್ಲಿ ಹಣ ಬರುವುದು ಜಾಹೀರಾತಿನಿಂದ, ಇಲ್ಲವೇ ಒಳಗಿನ ಬಿಡಿ ಮಾರಾಟದಿಂದ. ಇದು ಕೇವಲ ವಸೂಲಿಯ ವಿಧಾನವಲ್ಲ, ಸರಕಿನ ರಚನೆಯನ್ನೇ ಬದಲಿಸುತ್ತದೆ. ಒಮ್ಮೆ ಹಣ ಪಡೆದವನು ಆಟ ಸರಾಗವಾಗಿ ಸಾಗುವಂತೆ ನೋಡಿಕೊಳ್ಳುತ್ತಾನೆ. ತಡೆಯಿಂದಲೇ ಹಣ ಬರುವುದಾದರೆ, ಎಲ್ಲಿ ತಡೆಯೊಡ್ಡಬೇಕು, ಎಷ್ಟು ಹೊತ್ತು ಕಾಯಿಸಬೇಕು, ಯಾವಾಗ "ಇನ್ನೊಂದು ಜೀವ ಬೇಕೇ" ಎಂದು ಕೇಳಬೇಕು ಎಂಬುದೇ ರಚನೆಯ ಮುಖ್ಯ ಕೆಲಸವಾಗುತ್ತದೆ. ಮಕ್ಕಳು ಆಡುವ ಆಟದ ನಡುವೆ ಮೂವತ್ತು ಸೆಕೆಂಡಿನ ಜಾಹೀರಾತು ನುಗ್ಗುವುದನ್ನು ಎಲ್ಲ ಪೋಷಕರೂ ಕಂಡಿದ್ದಾರೆ. 'ಥ್ರೀಸ್' ತಯಾರಕರೂ 2015ರಲ್ಲಿ ಉಚಿತ ಆವೃತ್ತಿಯೊಂದನ್ನು ಹೊರತಂದರು; ಅದರಲ್ಲಿ ಜಾಹೀರಾತು ನೋಡಿದರೆ ಇನ್ನಷ್ಟು ಆಟಗಳು ಸಿಗುತ್ತಿದ್ದವು. ಅದೇ ಹದಿನಾಲ್ಕು ತಿಂಗಳ ಕೆಲಸ, ಆದರೆ ಹೆದ್ದಾರಿಯ ಮಧ್ಯೆ ಸುಂಕದಕಟ್ಟೆ.

ಇಲ್ಲೊಂದು ಆಕ್ಷೇಪಣೆ ಬರಬಹುದು. ವಿಯೆಟ್ನಾಮಿನ ಹನೋಯ್ ನಗರದ ಡಾಂಗ್ ನ್ಗುಯೆನ್ ಎಂಬ ಒಬ್ಬನೇ ಯುವಕ ಕೆಲವೇ ದಿನಗಳಲ್ಲಿ ರಚಿಸಿ 2013ರ ಮೇ ತಿಂಗಳಲ್ಲಿ ಬಿಟ್ಟ 'ಫ್ಲ್ಯಾಪಿ ಬರ್ಡ್', ಜಾಹೀರಾತಿನಿಂದ ದಿನಕ್ಕೆ ಸುಮಾರು 50,000 ಡಾಲರ್ ತರುತ್ತಿತ್ತಲ್ಲವೇ? ಹೌದು. ಅದು ಕಳಪೆ ಸರಕೂ ಅಲ್ಲ. ಒಂದು ತಟ್ಟು, ಒಂದು ಜಿಗಿತ. ಬೆರಳಿಗೂ ಹಕ್ಕಿಗೂ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಬಿಡುಗಡೆಯಾದ ಎಷ್ಟೋ ತಿಂಗಳು ಅದನ್ನು ಕೇಳುವವರಿರಲಿಲ್ಲ. 2014ರ ಆರಂಭದಲ್ಲಿ ಹಠಾತ್ತನೆ ಏರಿತು. ಜನರಿಗೆ ಅದು ಚಟವಾಗುತ್ತಿದೆ ಎಂಬ ಕಳವಳದಿಂದ, 'ಥ್ರೀಸ್' ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಆತನೇ ಅದನ್ನು ಅಂಗಡಿಯಿಂದ ಹಿಂತೆಗೆದುಕೊಂಡ. ಇದನ್ನು ನೋಡಿ ಬಂಡವಾಳ ಹೂಡುವುದು ಲಾಟರಿ ಗೆದ್ದವನನ್ನು ನೋಡಿ ಟಿಕೆಟ್ ಕೊಂಡಂತೆ.

ಸಗಟು ಖರೀದಿದಾರರು

ಗಿರಾಕಿ ಬೆಲೆ ಕೊಡದಿದ್ದರೆ ಗುಣಮಟ್ಟಕ್ಕೆ ಬೇರೆ ಯಾರಾದರೂ ಕೊಡಬೇಕು. 2019ರ ಸೆಪ್ಟೆಂಬರ್‌ನಲ್ಲಿ ಆಪಲ್ ಸಂಸ್ಥೆಯು 'ಆರ್ಕೇಡ್' ಎಂಬ ಮಾಸಿಕ ಚಂದಾ ವ್ಯವಸ್ಥೆ ಆರಂಭಿಸಿತು. ಆರಂಭದ ಚಂದಾ ಅಮೆರಿಕದಲ್ಲಿ 4.99 ಡಾಲರ್, ನಮ್ಮಲ್ಲಿ 99 ರೂ. ಜಾಹೀರಾತು ಇಲ್ಲ, ಒಳಮಾರಾಟ ಇಲ್ಲ. ತಯಾರಕರಿಗೆ ಆಪಲ್ ಹಣ ಕೊಡುತ್ತದೆ. 2021ರ ಏಪ್ರಿಲ್‌ನಲ್ಲಿ 'ಥ್ರೀಸ್' ಮತ್ತು 'ಮಾನ್ಯುಮೆಂಟ್ ವ್ಯಾಲಿ' ಎರಡೂ ಆ ಪಟ್ಟಿ ಸೇರಿದವು. ನೆಟ್‌ಫ್ಲಿಕ್ಸ್ ಸಹ ಅದೇ ವರ್ಷದ ಕೊನೆಯಲ್ಲಿ ಈ ಕ್ಷೇತ್ರಕ್ಕೆ ಇಳಿಯಿತು. 'ಮಾನ್ಯುಮೆಂಟ್ ವ್ಯಾಲಿ'ಯ ಮೂರನೆಯ ಭಾಗವು 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದದ್ದು ನೆಟ್‌ಫ್ಲಿಕ್ಸ್ ಚಂದಾದಾರರಿಗಾಗಿಯೇ. ಆದರೆ 2025ರ ಮಧ್ಯಭಾಗದಲ್ಲಿ ಅದು ಅಲ್ಲಿಂದ ಹೊರಬಿದ್ದು, ಕಂಪ್ಯೂಟರ್ ಮತ್ತಿತರ ಆಟದ ಯಂತ್ರಗಳ ಪೇಟೆಗೆ ಹೋಗಬೇಕಾಯಿತು.

ಒಂದೇ ದೊಡ್ಡ ಕಾರ್ಖಾನೆಗೆ ಬಿಡಿಭಾಗ ಪೂರೈಸುವ ನಮ್ಮ ಸಣ್ಣ ಘಟಕಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಆರ್ಡರು ಇರುವಾಗ ನೆಮ್ಮದಿ. ಖರೀದಿ ವಿಭಾಗದ ಧೋರಣೆ ಬದಲಾದ ದಿನ ಶೆಡ್ಡಿನಲ್ಲಿ ಯಂತ್ರಗಳ ಸದ್ದು ನಿಲ್ಲುತ್ತದೆ.

ಅಂಗಡಿಯ ದಲ್ಲಾಳಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಸಮಾಧಾನವಿದೆ. ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮೀರದ ಸಣ್ಣ ತಯಾರಕರಿಗೆ ಆಪಲ್ 2021ರ ಜನವರಿಯಿಂದ ಶೇ. 15ಕ್ಕೆ ಇಳಿಸಿತು, ಗೂಗಲ್ ಅದೇ ವರ್ಷದ ಜುಲೈನಿಂದ ಮೊದಲ ಹತ್ತು ಲಕ್ಷ ಡಾಲರಿಗೆ ಅದೇ ದರ ವಿಧಿಸಿತು. ನೂರರಲ್ಲಿ ಎಪ್ಪತ್ತು ಪಡೆಯುತ್ತಿದ್ದವನಿಗೆ ಎಂಬತ್ತೈದು ಎಂದರೆ ಕೈಗೆ ಬರುವ ಹಣದಲ್ಲಿ ಶೇ. 21ಕ್ಕೂ ಹೆಚ್ಚಿನ ಏರಿಕೆ.

ಇನ್ನೊಂದು ವೆಚ್ಚವನ್ನು ಹುಡುಗರು ಸಾಮಾನ್ಯವಾಗಿ ಮರೆಯುತ್ತಾರೆ: ಮಾರಾಟದ ನಂತರದ ಸೇವೆ. 2017ರ ಸೆಪ್ಟೆಂಬರ್‌ನಲ್ಲಿ ಆಪಲ್ ತನ್ನ ಕಾರ್ಯಾಚರಣೆ ವ್ಯವಸ್ಥೆಯ 11ನೇ ಆವೃತ್ತಿ ತಂದಾಗ, ಹಳೆಯ 32 ಬಿಟ್ ತಂತ್ರಾಂಶಗಳು ಅದರ ಮೇಲೆ ನಡೆಯುವುದೇ ನಿಂತಿತು. ತಿದ್ದಿ ಬರೆಯಲು ಹಣವಿಲ್ಲದ ಎಷ್ಟೋ ಸ್ವತಂತ್ರ ಆಟಗಳು, ಹಣ ಕೊಟ್ಟು ಕೊಂಡವರ ಫೋನಿನಲ್ಲೇ ಕಣ್ಮುಚ್ಚಿದವು. ಪಂಪಿನ ಬುಷ್ಷು ಒಮ್ಮೆ ಸರಿಯಾಗಿ ಕೂತರೆ ತೇಯುವವರೆಗೆ ಕೂತಿರುತ್ತದೆ. ಇಲ್ಲಿ ಬಾವಿಯೇ ಪ್ರತಿವರ್ಷ ಅಳತೆ ಬದಲಿಸುತ್ತದೆ.

ಮೂರು ವಾರದ ನಂತರ

ತಂದೆ ಮಗ ಇಬ್ಬರೂ ಮತ್ತೆ ಬಂದರು. ಮಾರಾಟದ ಅಂದಾಜು ತೋರಿಸಲು ಮಗ ಲ್ಯಾಪ್‌ಟಾಪ್ ತೆರೆದ. ಅದನ್ನು ಬದಿಗಿರಿಸಿ, ಈವರೆಗೆ ಬಿಸಾಡಿದ ಕೆಲಸವನ್ನು ತೋರಿಸು ಎಂದೆ. ಸ್ವಲ್ಪ ಸಂಕೋಚದಿಂದಲೇ ಒಂದು ನೋಟ್‌ಬುಕ್ ತೆಗೆದ. ಅದರಲ್ಲಿ ಹತ್ತೊಂಬತ್ತು ವಿನ್ಯಾಸಗಳಿಗೆ ಅಡ್ಡಗೆರೆ ಎಳೆದಿತ್ತು. ಪ್ರತಿಯೊಂದರ ಕೆಳಗೆ ಏಕೆ ಬೇಡವಾಯಿತೆಂದು ಎರಡು ಸಾಲು ಬರೆದಿತ್ತು. ನನಗೆ ಅಂದಾಜು ಪಟ್ಟಿಗಿಂತ ಆ ಪುಸ್ತಕ ಹೆಚ್ಚು ವಿಶ್ವಾಸ ಹುಟ್ಟಿಸಿತು.

ಆಮೇಲೆ ತಂದೆಯವರು ತಮ್ಮ ಜೇಬಿನ ಐದು ವರ್ಷ ಹಳೆಯ ಫೋನಿಗೆ ಆಟವನ್ನು ಹಾಕಿಸಿಕೊಂಡು ಹತ್ತು ನಿಮಿಷ ಮೌನವಾಗಿ ಆಡಿದರು. ಕೊನೆಗೆ, "ಚೆನ್ನಾಗಿದೆ ಕಣೋ, ಆದರೆ ತಡವಾಗಿ ಕಚ್ಚುತ್ತದೆ" ಎಂದರು. ಲೇತಿನ ಉಳಿಯ ಬಗ್ಗೆ ಹೇಳುವ ಮಾತು ಅದು. ಬೆರಳು ಸರಿದ ಮೇಲೆ ಪರದೆಯ ಚಿತ್ರ ಕ್ಷಣಕಾಲ ಹಿಂದೆ ಬೀಳುತ್ತಿತ್ತು. ಹುಡುಗನ ಹೊಸ ಫೋನಿನಲ್ಲಿ ಈ ದೋಷ ಕಂಡಿರಲೇ ಇಲ್ಲ, ನನಗೂ ಹೊಳೆದಿರಲಿಲ್ಲ. ನಲವತ್ತು ವರ್ಷ ಯಂತ್ರದ ಮುಂದೆ ನಿಂತವರಿಗೆ ಹೊಳೆಯಿತು.

ಕೊನೆಗೆ ಆದ ಒಪ್ಪಂದ ಹೀಗಿದೆ. ಹನ್ನೆರಡು ಲಕ್ಷ ಒಟ್ಟಿಗೆ ಇಲ್ಲ. ಮೊದಲ ಆರು ತಿಂಗಳಿಗೆ ನಾಲ್ಕು ಲಕ್ಷ. ಘಟಕ ಮಾಲೀಕರ ಸ್ವಂತ ಹೆಸರಿನಲ್ಲಿರುವುದರಿಂದ ಅದನ್ನು ವ್ಯಾಪಾರದ ವೆಚ್ಚವೆಂದು ಬರೆಯದೆ ಅವರ ಡ್ರಾಯಿಂಗ್ಸ್ ಖಾತೆಗೆ ಹಾಕಿದ್ದೇನೆ. ಆಟಕ್ಕೆ ಬೆಲೆ ಇರುತ್ತದೆ. ಎಷ್ಟೆಂಬುದು ಇನ್ನೂ ತೀರ್ಮಾನವಾಗಿಲ್ಲ. ಪ್ರತಿ ಶನಿವಾರ ಸಂಜೆ, ಬಟವಾಡೆಯ ನಂತರ, ಘಟಕದ ಎಂಟು ಜನ ಕೆಲಸಗಾರರ ಹಳೆಯ ಫೋನುಗಳಲ್ಲಿ ಆಟದ ಪರೀಕ್ಷೆ ನಡೆಯುತ್ತಿದೆ. ಅಡ್ಡಗೆರೆ ಎಳೆದ ವಿನ್ಯಾಸಗಳ ಸಂಖ್ಯೆ ಈಗ ಇಪ್ಪತ್ತನಾಲ್ಕಕ್ಕೆ ಏರಿದೆಯೆಂದು ಕಳೆದ ವಾರ ಮಾಲೀಕರು ಫೋನ್ ಮಾಡಿ ತಿಳಿಸಿದರು.